ಇನ್ನೂರ ಹನ್ನೆರಡನೆಯ ಪುಟ

ಸರ್ಕಾರಿ ಮುದ್ರಣಾಲಯ, ಎರಡನೆಯ ಮಹಡಿ.
ಹಬೆಕೊಳವೆ ರಾತ್ರಿಯಿಡೀ ಗೊರಕೆ ಹೊಡೆಯುತ್ತದೆ.
ಕಿಟಕಿಯಾಚೆ ನ್ಯೋಮನ್ ನದಿ ಹೆಪ್ಪುಗಟ್ಟಿ
ಬಿಳಿ ಹಾಳೆಯಂತೆ ಬಿದ್ದಿದೆ;
ಅದನ್ನು ತಿದ್ದುವ ಕೆಲಸ ನನ್ನದಲ್ಲ.

ನನ್ನ ಮೇಜಿನ ಮೇಲಿರುವುದು ವಿದೇಶಾಂಗ ಖಾತೆಯ ವರದಿ,
ಹನ್ನೊಂದನೆಯ ವರ್ಷದ್ದು, ಮುನ್ನೂರ ನಲವತ್ತು ಪುಟ:
ಸಾಗರದಾಚೆಯ ದೇಶಗಳಲ್ಲಿ ಮನುಷ್ಯರ ಹಕ್ಕುಗಳ ಗತಿ.
ರಟ್ಟಿಗೆ ನೀಲಿ ಬಟ್ಟೆ, ಹೆಸರಿಗೆ ಚಿನ್ನದ ನೀರು.
ಹೆಗ್ಗಣ ಸತ್ತುಬಿದ್ದ ಎಲೆಯ ಮುಂದೆ ಕೂತು
ಪಕ್ಕದೆಲೆಯ ನೊಣ ಎಣಿಸುವವರು
ಎಣಿಕೆಯಲ್ಲಿ ಮಾತ್ರ ತಪ್ಪುವುದಿಲ್ಲ.

ನಾನು ಯಾದ್ವಿಗಾ. ಮೂವತ್ತಾರು ವರ್ಷ
ಅಲ್ಪವಿರಾಮಗಳನ್ನು ಅವುಗಳ ಜಾಗದಲ್ಲಿ ಕೂರಿಸಿ ಬದುಕಿದವಳು.
ಕಳವಳಕ್ಕೆ ಎಲ್ಲಿ "ತೀವ್ರ" ಬೇಕು, ಎಲ್ಲಿ "ಗಾಢ" ಸಾಕು,
ಬಲ್ಲೆ.

ಪುಟ ನಲವತ್ತು: ಕೋಣೆಯ ಉದ್ದ ಆರೇ ಹೆಜ್ಜೆ, ಇದು ಅಮಾನುಷ.
ನನ್ನ ಮಗ ವಿತೌತ್‌ನದು ನಾಲ್ಕೂವರೆ;
ಅವನ ಕಾಲು ಉದ್ದ, ನಾಲ್ಕೇ ಇರಬಹುದು.
ಪುಟ ಎಂಬತ್ತೆಂಟು: ಕೈದಿಗಳ ಕಾಗದ ಒಡೆದು ಓದುತ್ತಾರೆ.
ಅವನ ಕಾಗದ ಬಂದಾಗ ಅದರಲ್ಲಿ
"ಅಮ್ಮಾ" ಇತ್ತು, "ಚಳಿ" ಇತ್ತು,
ನಡುವೆ ಕಪ್ಪು ಮಸಿಯ ಪಟ್ಟಿ, ನಾಲ್ಕು ಸಾಲು.
ಬೆಳಕಿಗೆ ಹಿಡಿದು ನೋಡಿದೆ. ತಿದ್ದಿದವ ಕಸುಬುಗಾರ,
ಒಂದು ಕೊಂಬೂ ಹೊರಗೆ ಇಣುಕಿರಲಿಲ್ಲ.

ಸುಳ್ಳಾಗಿದ್ದರೆ ಸುಲಭವಿತ್ತು.
ಸುಳ್ಳನ್ನು ತಿದ್ದುವಾಗ ಕೈ ನಡುಗುವುದಿಲ್ಲ.
ಇದರಲ್ಲಿ ಬರೆದದ್ದೆಲ್ಲ ನಿಜ.
ನೂರಾ ಮೂವತ್ತರ ಹುಡುಗನಿಗೆ ಬೆನ್ನಿಗೇ ಗುಂಡು ಬಿದ್ದದ್ದು ನಿಜ,
ಅವನ ಬೂಟಾದರೂ ಕೊಡಿ ಎಂದು ತಾಯಿ
ಹನ್ನೊಂದು ದಿನ ಕಚೇರಿಯಿಂದ ಕಚೇರಿಗೆ ಅಲೆದದ್ದು ನಿಜ.
ಅವಳ ಹೆಸರನ್ನು ಮೂರು ಸಲ ತಾಳೆ ನೋಡಿದೆ,
ಹೆಸರಾದರೂ ಸರಿಯಿರಲಿ ಎಂದು.

ಆ ದೇಶದವರೂ ನಮ್ಮ ಮೇಲೊಂದು ಪುಸ್ತಕ ತರುತ್ತಾರಂತೆ.
ಅದರಲ್ಲಿ ವಿತೌತ್ ಇದ್ದಾನಂತೆ,
ಅಡಿಟಿಪ್ಪಣಿಯಲ್ಲಿ, ಕೊನೆಯ ಅಕ್ಷರ ತಪ್ಪಾಗಿ.
ಅವರು ನಮ್ಮ ಮಕ್ಕಳನ್ನು, ನಮ್ಮವರು ಅವರ ಮಕ್ಕಳನ್ನು
ವರ್ಷಕ್ಕೊಮ್ಮೆ ಇಸ್ಪೀಟಿನ ಹಾಗೆ ಕಲಸಿ
ಮೇಜಿಗೆ ಬಡಿಯುತ್ತಾರೆ.
ಬೂಟು ಕೇಳಿದ ತಾಯೇ,
ನಿಮ್ಮೂರಿನ ಕರಡು ತಿದ್ದುವವಳಿಗೆ ಹೇಳು:
ಕೊನೆಯಲ್ಲಿ ತ್, ಟ್ ಅಲ್ಲ.

ಗುರುವಾರ ಪೊಟ್ಟಣದ ದಿನ. ಜೈಲುಗೋಡೆಯ ಕಿಂಡಿ ಎಷ್ಟು ತಗ್ಗೆಂದರೆ
ಸೊಂಟ ಬಗ್ಗಿಸದೆ ಯಾರೂ ಮಾತಾಡಲಾರರು.
ಈರುಳ್ಳಿ ಸರಿ. ಹಂದಿಕೊಬ್ಬು ಸರಿ, ಕಾಲು ಕಿಲೋ.
ಬೆಳ್ಳುಳ್ಳಿ ಹೋದ ವಾರ ಸರಿ, ಈ ವಾರ ಇಲ್ಲ.
ಉಣ್ಣೆಯ ಕಾಲುಚೀಲದ ದಾರ ಬಿಚ್ಚಿ ತಾ ಅಂದರು.
ಪುಟ ಇನ್ನೂರ ಐದು: ಬಂಧುಗಳಿಗೆ ಮಾಡುವ ಅವಮಾನ.
ನಾನೇ ತಿದ್ದಿದ್ದು.

ಆಮೇಲೆ ಇನ್ನೂರ ಹನ್ನೆರಡು, ಕೆಳಗಿನಿಂದ ಮೂರನೆಯ ಸಾಲು:
"ಇಲ್ಲಿ ಮಾತಾಡಿದವರನ್ನು ಬೆಳಗಾಗುವ ಮುನ್ನ ಒಯ್ಯುತ್ತಾರೆ."
ಅಲ್ಲಿ ಎಂದಿರಬೇಕು.
ಪುಸ್ತಕದ ತುಂಬ ಅಲ್ಲಿ, ಅಲ್ಲಿ, ಅಲ್ಲಿ,
ಕವಾಯತಿನ ಸಿಪಾಯಿಗಳಂತೆ ನಿಂತಿವೆ; ನಡುವೆ ಇದೊಂದು
ಅಂಗಿಯ ಗುಂಡಿ ಹಾಕದ ಇ.

ಅಂಚಿನಲ್ಲಿ ಕೆಂಪು ಗೀಟೆಳೆದು ಅ ಎಂದು ಬರೆದೆ.
ಎರಡನೆಯ ಕರಡು ಬಂತು. ಇಲ್ಲಿ.
ಕೆಳಗೆ ಅಕ್ಷರ ಜೋಡಿಸುವವನು ಕಸ್ತೂಸ್,
ಮಾತು ಕಡಿಮೆ, ಬಲಗೈಯಲ್ಲಿ ಮೂರೇ ಬೆರಳು.
ನನಗೆ ತಿಳಿದಂತೆ ಅವನು ತಪ್ಪಿದ್ದೇ ಇಲ್ಲ.
ಮತ್ತೆ ಬರೆದೆ, ಅ, ದಪ್ಪಗೆ.
ಮೆಟ್ಟಿಲಲ್ಲಿ ಎದುರಾದ. ಹಿಮ ಜಾಸ್ತಿ, ಅಂದ.
ಹೌದು, ಜಾಸ್ತಿ, ಅಂದೆ.

ಮೂರನೆಯ ಕರಡು ಈಗ ನನ್ನ ದೀಪದಡಿ ಇದೆ.
ಸಹಿ ಹಾಕಿದರೆ ಯಂತ್ರ ಹೊರಡುತ್ತದೆ.
ಇನ್ನೂರ ಹನ್ನೆರಡರಲ್ಲಿ ಏನಿದೆಯೋ,
ಸರಿಯಾಗಿ ಕಾಣಿಸುತ್ತಿಲ್ಲ.
ಎಡಗಣ್ಣಿಗೆ ಪೊರೆ ಬಂದಿದೆ;
ವೈದ್ಯರ ಚೀಟಿಯಿದೆ, ಮೊಹರು ಸಮೇತ,
ಮೇಲಿನ ಖಾನೆಯಲ್ಲಿ.