ಒಳಗಿದ್ದವನು

ಆಟಿ ತಿಂಗಳು, ಮೇಳಕ್ಕೆ ರಜೆ.
ಕಿರೀಟಗಳು ಹಳೆ ಸೀರೆ ಸುತ್ತಿಕೊಂಡು ಅಟ್ಟದಲ್ಲಿ ಮಲಗಿದ್ದವು.
ದೂಮಪ್ಪ ಮಾವನಿಗೆ ಹೊಸ ಹಲ್ಲಿನ ಸೆಟ್ಟು ಕೂರಿಸಲಿಕ್ಕೆ
ಮಣಿಪಾಲಕ್ಕೆ ಬರಹೇಳಿದ್ದೆ.
ಲ್ಯಾಬಿನಲ್ಲಿ ನನ್ನ ಕೆಲಸ ಅದೇ:
ಬೇರೆಯವರ ಬಾಯಿಗೆ ಹಲ್ಲು ಎರೆಯುವುದು.
ಬಸ್ಸಿಗೆ ಇನ್ನೂ ಸಮಯವಿತ್ತು, ಇಬ್ಬರಿಗೆ ಕೊಡೆ ಒಂದೇ.
ಕಾಲೇಜಿನ ಹಾಲಿನಲ್ಲಿ ಯಾವುದೋ ಜಪಾನಿನ ಸಿನಿಮಾ,
ಟಿಕೆಟ್ಟಿಲ್ಲ, ಫ್ಯಾನುಂಟು. ಒಳಗೆ ಹೋದೆವು.

"ರಾಕ್ಷಸ ಬರುವ ಸಿನಿಮಾ ಅಂತೆ," ಅಂದೆ.
"ಬರಲಿ," ಅಂದ ಮಾವ,
ಜೋಡು ಬಿಚ್ಚಿಟ್ಟು ಕುರ್ಚಿಯ ಮೇಲೇ ಕಾಲು ಮಡಚಿ ಕೂತ.

ಮುಕ್ಕಾಲು ಗಂಟೆ ಅದು ಬರಲೇ ಇಲ್ಲ.
ಬಂದದ್ದು ಬರಿಯ ಹೆಜ್ಜೆಯ ಗುರುತು, ಅದರಲ್ಲಿ ನಿಂತ ಮಳೆನೀರು,
ಆ ನೀರಲ್ಲಿ ಈಜುವ ಒಂದು ಬಾತುಕೋಳಿ.
ಬಂದದ್ದು, ಬಾವಿಯ ಹಗ್ಗ ತಾನಾಗಿ ನಡುಗಿದ್ದು,
ಒಬ್ಬ ಮುದುಕ ಊಟದ ನಡುವೆ ಕೈ ತಡೆದು
ಬಟ್ಟಲಿನ ಸಾರನ್ನೇ ನೋಡಿದ್ದು.
ಕೆಳಗಿನ ಇಂಗ್ಲಿಷ್ ಅಕ್ಷರ ಓದಿ ಹೇಳಹೊರಟೆ.
ಮಾವ ಮೊಣಕೈಯಲ್ಲಿ ತಿವಿದ:
"ಸುಮ್ಮನಿರು. ತೆರೆ ಹಿಡಿದಿದ್ದಾರೆ ಅವರು."

ಗೋದಾಮುಗಳ ಆಚೆ ಬೆನ್ನು ಮಾತ್ರ. ಮತ್ತೊಮ್ಮೆ ಒಂದು ಕೈ. ಮತ್ತೆ ಏನಿಲ್ಲ.
ನಮ್ಮಲ್ಲೂ ಹಾಗೆಯೇ ತಾನೆ,
ತೆರೆಯ ಮೇಲೆ ಕಿರೀಟದ ಅಂಚು, ತೆರೆಯನ್ನು ಹಿಡಿದೆಳೆವ ಬೆರಳು,
ಚೆಂಡೆಯವನ ಕತ್ತಿನ ನರ, ದೊಂದಿಗೆ ಎರಚಿದ ರಾಳ,
ಭಗ್ಗೆಂದ ಬೆಳಕಲ್ಲಿ ಇಡೀ ಬಯಲು ಉಸಿರು ಹಿಡಿದು

ಅದು ಪೂರ್ತಿ ಎದ್ದು ನಿಂತಾಗ ಹಿಂದಿನ ಸಾಲಿನ ಹುಡುಗರು ನಕ್ಕರು.
"ರಬ್ಬರು ಮಾರಾಯ, ಬೆನ್ನಲ್ಲಿ ಹೊಲಿಗೆ ಕಾಣ್ತದೆ!"
ಕಾಣುತ್ತಿತ್ತು. ಹಲ್ಲೂ ನಾನು ಎರೆಯುವ ಹಲ್ಲಿನಂಥದೇ,
ಎಡದವಡೆಯದ್ದೊಂದು ಸ್ವಲ್ಪ ವಾರೆ.
ಮಾವ ನಗಲಿಲ್ಲ, ಹಿಂದೆ ತಿರುಗಿಯೂ ನೋಡಲಿಲ್ಲ.
"ಬಲ ಮೊಣಗಂಟು ನೋವುಂಟು ಅವನಿಗೆ," ಅಂದ.
"ಯಾರಿಗೆ?"
"ಒಳಗಿದ್ದವನಿಗೆ."

ಆಮೇಲೆ ನನಗೂ ಅವನೇ ಕಂಡದ್ದು.
ಊರು ಉರಿಯುತ್ತಿತ್ತು. ಅಷ್ಟು ಚಿಕ್ಕ ಊರನ್ನು
ಯಾರೋ ಹೆಂಚು ಹೆಂಚಾಗಿ ಜೋಡಿಸಿದ್ದರು,
ತಂತಿಗೆ ಬಟ್ಟೆ ಕೂಡ ಒಣಹಾಕಿದ್ದರು,
ಉಗುರಿನಷ್ಟೇ ಒಂದು ಅಂಗಿ.
ರಾಕ್ಷಸ ಕಾಲೆತ್ತಿತು. ಆ ಅಂಗಿಯ ಮೇಲೆ
ಕಾಲು ಒಂದು ಕ್ಷಣ ಹಾಗೇ ನಿಂತಿತು,
ದಣಿವೋ, ಕರುಣೆಯೋ, ನಿರ್ದೇಶಕ ಹೇಳಿಕೊಟ್ಟದ್ದೋ.
ಆಮೇಲೆ ಇಟ್ಟಿತು. ಇಡಲೇಬೇಕಲ್ಲ.
ಹಾಲಿನಲ್ಲಿ ಫ್ಯಾನಿನ ಸದ್ದು ಮಾತ್ರ.

ಚಿಕ್ಕವಳಿದ್ದಾಗ, ಬ್ರಹ್ಮಾವರದ ಒಂದು ಕೊಯಿದ ಗದ್ದೆಯಲ್ಲಿ,
ಬೆಳಗಿನ ಮೂರಕ್ಕೆ, ಇದೇ ಮಾವನನ್ನು ನೋಡಿ ಚೀರಿದವಳು ನಾನು.
ಹೆದರಿಕೆ ಬಿಡಲೆಂದು ಅಮ್ಮ ಚೌಕಿಗೆ ಎತ್ತಿಕೊಂಡು ಹೋದಳು.
ಅಲ್ಲಿ ಅರ್ಧ ರಾಕ್ಷಸ ಕೂತಿದ್ದ.
ಒಂದು ಕೆನ್ನೆಯ ಚಿಟ್ಟಿ ಕಿತ್ತಾಗಿತ್ತು, ಚರ್ಮ ಕೆಂಪಗೆ ಎದ್ದಿತ್ತು,
ಇನ್ನೊಂದು ಕೆನ್ನೆ ಇನ್ನೂ ಯುದ್ಧದಲ್ಲಿತ್ತು.
ಹೆದರಿಕೆ ಹೋಗಲಿಲ್ಲ. ಬೇರೆ ಜಾತಿಯದಾಯಿತು.

ಕೊನೆಗೆ ಅದನ್ನು ಕೊಂದರು, ಬೆಳಕು ಹರಿಯುವ ಹೊತ್ತಿಗೆ,
ದಡದ ಹತ್ತಿರದ ತಗ್ಗು ನೀರಲ್ಲಿ.
ಮೊಣಕಾಲೂರಿ, ಆರ್ಭಟೆಗೆಂದು ಬಾಯಿ ತೆರೆಯಿತು. ಸದ್ದು ಬರಲಿಲ್ಲ.
ಗುಂಡು ಹಾರಿಸಿದ ಹುಡುಗ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ,
ಮತ್ತೆ ಒರೆಸಿಕೊಂಡ.
ನೀರು ಕೂಡಿಕೊಂಡಿತು. ಕ್ಯಾಮೆರಾ ಅಲ್ಲಿಂದ ಏಳಲೇ ಇಲ್ಲ,
ಬರೀ ನೀರು, ಬರೀ ನೀರು,
ಕೈ ಮುಗಿಯಬೇಕೋ ಏನೋ ತಿಳಿಯದಷ್ಟು ಹೊತ್ತು.
ಹಿಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು.

ಹೊರಗೆ ಮಳೆ ಸಣ್ಣಗಾಗಿತ್ತು. ಟೈಗರ್ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತ
ಮಾವ ಹೊಸ ಹಲ್ಲನ್ನು ನಾಲಗೆಯಲ್ಲಿ ಅತ್ತಿತ್ತ ನೂಕುತ್ತ
ರಾಳದ ಲೆಕ್ಕ ಹಾಕುತ್ತಿದ್ದ:
"ಅಷ್ಟು ಬೆಂಕಿ! ನಮ್ಮ ಯಜಮಾನರು
ಒಂದು ರಾತ್ರಿಗೆ ಅರ್ಧ ಸೇರು ಕೊಟ್ಟರೆ ಹೆಚ್ಚು."
ಬಸ್ಸು ಬಂತು. ಮೆಟ್ಟಿಲಿಗೆ ಎಡಗಾಲಿಟ್ಟು,
ಬಲ ಮೊಣಗಂಟನ್ನು ಕೈಯಲ್ಲಿ ಹಿಡಿದು ಮೇಲೆತ್ತಿಕೊಂಡು,
ಕಂಡಕ್ಟರು ಬೊಬ್ಬೆ ಹೊಡೆಯುತ್ತಿದ್ದ ಹಾಗೇ ತಿರುಗಿ ಕೇಳಿದ:
"ಅಲ್ಲ ಮಗಾ, ಅವನು ಒಳಗಿರುವಾಗ
ಯಾರಾದರೂ ನೀರು ಕೊಡ್ತಿದ್ರಾ?"