ಮುಳ್ಳು

ಕುಲಶೇಖರದ ಏರಿನಲ್ಲಿ
ಮೂರೂವರೆಯ ಮುಳ್ಳು ಒಂದಕ್ಕಿಳಿಯಿತು.
ಜೋಡಿ ಕಾರ್ಬ್ಯುರೇಟರಿನ ಬಟ್ಟಲು ಬತ್ತಿ
ಕಾಂಟೆಸ್ಸಾ ಕೆಮ್ಮಿ ನಿಂತಿತು;
ಹಿಂದೆ ಮೂಡುಬಿದಿರೆ ಬಸ್ಸಿನ ಹಾರ್ನು.

"ಪಂಪೇ ಹೋಯಿತು" ಎಂದೆ.
ಹೊಸತು ಹಾಕಿ ಹದಿನೈದು ದಿನ.
ಸಿಪ್ರಿಯನ್ ಮಾತಾಡಲಿಲ್ಲ. ಫಿಲ್ಟರು ಊದಿದ,
ಉಪ್ಪುಗಾಳಿ ತಿಂದ ಅರ್ತಿಂಗ್ ವಯರು ಕೆರೆದ,
ಮೀಟರಿಟ್ಟ: ಹನ್ನೆರಡು ವೋಲ್ಟು ಸರಿಯಾಗಿಯೇ ಉಂಟು.
ಪಂಪು ಗುಂಯ್‌ಗುಡುತ್ತದೆ, ಮುಳ್ಳು ಒಂದರಲ್ಲೇ.

ಆಮೇಲೆ, ಏನೋ ನೆನಪಾದವನಂತೆ,
ಟ್ಯಾಂಕಿನ ಮುಚ್ಚಳ ತಿರುಗಿಸಿದ.
ಸುಂಯ್ಯೆಂದು ಗಾಳಿ ಒಳಕ್ಕೆ ನುಗ್ಗಿ
ಡಿಕ್ಕಿಯಡಿ ತಗಡು ಟಕ್ಕೆಂದಿತು.

ಗಾಳಿಕೊಳವೆಯ ಬಾಯಲ್ಲಿ ಕುಂಬಾರಹುಳುವಿನ ಗೂಡು,
ನಾನು ಆರು ತಿಂಗಳು
ಶೆಡ್ಡಿನ ಕಡೆ ಸುಳಿಯದಾಗ ಕಟ್ಟಿದ್ದು.
ಸ್ಕ್ರೂಡ್ರೈವರಿನ ತುದಿಯಲ್ಲಿ ಇಡಿಯಾಗಿ ಬಿಡಿಸಿ
ನನ್ನ ಅಂಗೈಯಲ್ಲಿಟ್ಟ:
"ಒಳಗೆ ಮರಿ ಉಂಟಾ ನೋಡು ಮಾರಾಯ."

ಮುಳ್ಳು ಮೇಲೆ ಬಂದದ್ದನ್ನು
ಆಮೇಲೆ ನೋಡಿದೆವು.