ಒಂದೇ ಬೋಗುಣಿ

ಹೂತು ಬಂದ ಮೇಲೆ ಕೈ ತೊಳೆಯಬೇಕು.
ಲುಸಾಕಾದ ಈ ಓಣಿಯಲ್ಲೂ ಅದೇ ಕ್ರಮ.
ಹಸಿರು ಪ್ಲಾಸ್ಟಿಕ್ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು,
ಮಂಡಿ ಬಗ್ಗಿಸಿ, ಚಿಲುಫ್ಯಾ
ಮೊದಲು ಸೋದರಮಾವನ ಮುಂದೆ ಇಟ್ಟಳು.
ಆಮೇಲೆ ಪಾದ್ರಿ. ಆಮೇಲೆ ಕಸಾಮಾದಿಂದ ರಾತ್ರಿ ಬಸ್ಸಿಗೆ ಬಂದವರು.
ಆಮೇಲೆ ಹೆಂಗಸರು, ವಯಸ್ಸಿನ ಲೆಕ್ಕದಲ್ಲಿ;
ಅವರಲ್ಲಿ ಇಬ್ಬರು ಮುದುಕಿಯ ಹೆಣ ತೊಳೆದವರು.
ಕೊನೆಗೆ ಮಕ್ಕಳು.

ಅಷ್ಟರಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು.
ಯಾರೂ ಚೆಲ್ಲಲಿಲ್ಲ.
ಕ್ಯಾನಿನ ಲೆಕ್ಕದಲ್ಲಿ ದುಡ್ಡು ಕೊಡುವ ಕಡೆ
ನೀರನ್ನು ಯಾರು ಚೆಲ್ಲುತ್ತಾರೆ?
ಮೆಕ್ಕೆಜೋಳದ ಬಿಸಿ ನ್ಶಿಮಾ ಬಂತು,
ನಮ್ಮ ಮುದ್ದೆ. ಒದ್ದೆ ಕೈಗಳೇ ಅದನ್ನು ಮುರಿದವು, ಉಂಡೆ ಕಟ್ಟಿದವು,
ಒಣಮೀನಿನ ಸಾರಿನಲ್ಲಿ ಅದ್ದಿದವು.
ಒಂದೇ ತಟ್ಟೆ, ಏಳೆಂಟು ಕೈ.

ಮೂರನೇ ದಿನ ನಾನು ಹೋದೆ, ನೋಟ್‌ಬುಕ್ಕಿನೊಂದಿಗೆ.
ಕೇಳುವುದೇ ನನ್ನ ಕೆಲಸ: ಯಾರು ಬಿದ್ದರು, ಯಾವಾಗ, ಏನು ತಿಂದಿದ್ದರು.
ಶಾಲೆಯಂಗಳದ ಟೆಂಟಿನಲ್ಲಿ
ನಡುವೆ ತೂತು ಕೊರೆದ ಮಂಚಗಳು, ಕೆಳಗೆ ಬಕೆಟ್ಟುಗಳು.
ಮ್ವಾಬಾ, ಏಳು ವರ್ಷ. ಕಾಂಬೊಲೆ, ಐದು.
ಚಿಲುಫ್ಯಾಳ ಚೋಲಾ, ಇನ್ನೂ ನಾಲ್ಕು ತುಂಬಿಲ್ಲ,
ಕಣ್ಣು ಒಳಕ್ಕೆ ಇಳಿದು, ಬೆರಳ ತುದಿ
ಬಹಳ ಹೊತ್ತು ನೀರಲ್ಲಿ ಆಡಿದವರ ಹಾಗೆ ಸುಕ್ಕು.
ಪಾದ್ರಿಗೆ ಒಂದು ರಾತ್ರಿ ಹೊಟ್ಟೆ ಕಿವುಚಿತ್ತು, ಅಷ್ಟೆ.
ಸೋದರಮಾವ ಗಟ್ಟಿಯಾಗಿದ್ದ.

ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದೆ.
ಬೋಗುಣಿ ಹೋದ ದಾರಿ ಕಂಡಿತು, ತಲೆಕೆಳಗಾಗಿ.
ಮರ್ಯಾದೆ ಇಳಿದಷ್ಟೂ ರೋಗ ಏರಿತ್ತು.

ಮುದುಕಿಗೆ ಏನಾಗಿತ್ತು ಅಂತ ಯಾರೂ ಕೇಳಿರಲಿಲ್ಲ.
ಎಪ್ಪತ್ತಾಗಿತ್ತಲ್ಲ, ಅಂದರು.
ಅವಳ ಬಾವಿಯಿಂದ ಪಾಯಿಖಾನೆಗೆ ಹೆಜ್ಜೆ ಹಾಕಿ ನೋಡಿದೆ:
ಹನ್ನೊಂದು.

ನಗರಸಭೆಯವರು ಸುಣ್ಣ ಚೆಲ್ಲಿ, ಬೋರ್ಡು ನೆಟ್ಟು,
ಬಾವಿಯ ವಿಷಯಕ್ಕೆ ಕೈ ತೊಳೆದುಕೊಂಡು ಹೊರಟರು.
ಬೋರ್ಡಿನಲ್ಲಿತ್ತು: ಕೈ ತೊಳೆಯಿರಿ.
ಚಿಲುಫ್ಯಾ ಓದಿದಳು, ನನ್ನ ಮುಖ ನೋಡಿದಳು.
"ತೊಳೆದಿದ್ದೆವಲ್ಲ," ಅಂದಳು.

ಉಪ್ಪು ತಿಂದವರು ನೀರು ಕುಡಿಯಬೇಕು, ಸರಿ.
ಈ ಟೆಂಟಿನಲ್ಲಿ ನೀರು ಕುಡಿದವರಿಗೆ
ರಾತ್ರಿಯಿಡೀ ಉಪ್ಪು ಕುಡಿಸಿದೆವು,
ಸಕ್ಕರೆ ಬೆರೆಸಿ, ಚಮಚ ಚಮಚ, ಕಕ್ಕಿದರೆ ಮತ್ತೆ.
ಮ್ವಾಬಾ ಬೆಳಿಗ್ಗೆ ಬಿಸ್ಕತ್ತು ಕೇಳಿದ.
ಕಾಂಬೊಲೆ ಉಚ್ಚೆ ಹೊಯ್ದ; ಟೆಂಟಿಗೆ ಟೆಂಟೇ ನಕ್ಕಿತು.
ಚೋಲಾ

ಹೂತು ಬಂದ ಮೇಲೆ ಕೈ ತೊಳೆಯಬೇಕು.
ಈ ಸಲ ಬೋಗುಣಿ ಇರಲಿಲ್ಲ.
ಕ್ಲೋರಿನ್ ವಾಸನೆಯ ನೀರನ್ನು ಚೊಂಬಿನಲ್ಲಿ ಎತ್ತಿ
ಚಿಲುಫ್ಯಾ ಮೇಲಿನಿಂದ ಹೊಯ್ದಳು,
ಮೊದಲು ಮಕ್ಕಳಿಗೆ, ಮಂಡಿ ಬಗ್ಗಿಸದೆ.
ಸೋದರಮಾವ ಸಾಲಿನ ಕೊನೆಯಲ್ಲಿ ನಿಂತು
ಮಣ್ಣು ಕುಡಿಯುತ್ತಿದ್ದ ನೀರನ್ನೇ ನೋಡುತ್ತಿದ್ದ,
ಬಿದ್ದ ಚಿಲ್ಲರೆ ಎಣಿಸುವವನ ಹಾಗೆ.